ಹತ್ತು ಸೆಕೆಂಡಿಗೆ ತುಂಡಾದ ಅಜ್ಜಿಯ ಹಾಡು: ನೋಕಿಯಾ 6600ರಲ್ಲಿ ಉಳಿದಿರುವುದೇನು?

ಪ್ರಶ್ನೆ: ಅಪ್ಪ ಬಳಸುತ್ತಿದ್ದ ನೋಕಿಯಾ 6600 ಫೋನು ಬೀರುವಿನಲ್ಲಿ ಸಿಕ್ಕಿತು. ಬೇರೆ ಬ್ಯಾಟರಿ ಹಾಕಿದಾಗ ಆನ್ ಆಯಿತು. ಮೆಮೊರಿ ಕಾರ್ಡಿನಲ್ಲಿ 2005ರ ಸುಮಾರಿನ ಫೋಟೊಗಳೂ ಪುಟ್ಟ ವಿಡಿಯೊಗಳೂ ಇವೆ. ಒಂದರಲ್ಲಿ, ಅತ್ತೆಯ ಮದುವೆಗೆ ಅರಿಶಿನ ಬೀಸುವ ಶಾಸ್ತ್ರದ ದಿನ ನಮ್ಮ ಅಜ್ಜಿ ಬೀಸುವ ಪದ ಹಾಡುತ್ತಿದ್ದಾರೆ. ಅಜ್ಜಿ ಈಗಿಲ್ಲ. ಹಾಡು ಹತ್ತು ಸೆಕೆಂಡಿಗೇ ತುಂಡಾಗುತ್ತದೆ. ಫೋನಿನಲ್ಲಿ ಅಜ್ಜಿಯ ಮಾತು ತಿಳಿಯುತ್ತದೆ, ಬೀಸುಕಲ್ಲಿನ ಸದ್ದು ಮಾತ್ರ ನೀರು ಕುದಿದಂತೆ ಕೇಳುತ್ತದೆ. ಕಂಪ್ಯೂಟರಿನಲ್ಲಿ ತೆರೆದರೆ ಚಿತ್ರ ಅಂಚೆ ಚೀಟಿಯಷ್ಟು, ದನಿಯೇ ಇಲ್ಲ. ಕಡತದ ವಿವರ ನೋಡಿದರೆ 128×96, 94 ಕಿಲೋಬೈಟ್ ಎಂದು ತೋರಿಸುತ್ತದೆ. ಕಡತ ಹಾಳಾಗಿದೆಯೇ? ಪೂರ್ತಿ ಹಾಡನ್ನು ಹೊರತೆಗೆಯಬಹುದೇ? ಅಜ್ಜಿಯ ಮುಖವನ್ನು ಈಗಿನ ತಂತ್ರಾಂಶಗಳಿಂದ ಸ್ಪಷ್ಟ ಮಾಡಬಹುದೇ? ಇನ್ನೊಂದು ಕುತೂಹಲ: ಅಪ್ಪ ಇದರಲ್ಲಿ ಹಾಡು ಕೇಳುತ್ತಿದ್ದುದು ಒಂದೇ ಕಿವಿಯಲ್ಲಿ. ಅದೇಕೆ?
– ಹಾವೇರಿ ಜಿಲ್ಲೆಯ ಓದುಗರೊಬ್ಬರು

ಉತ್ತರ: ಕಡತ ಹಾಳಾಗಿಲ್ಲ. ದನಿಯೂ ಅದರೊಳಗೇ ಇದೆ, ನಿಮ್ಮ ಕಂಪ್ಯೂಟರಿಗೆ ಅದನ್ನು ಓದಲು ಬರುತ್ತಿಲ್ಲ ಅಷ್ಟೆ. ವಿಎಲ್‌ಸಿ ಪ್ಲೇಯರ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು ಅದರಲ್ಲಿ ತೆರೆಯಿರಿ, ಅಜ್ಜಿಯ ಹಾಡು ಕೇಳುತ್ತದೆ. ಆದರೆ ಹತ್ತು ಸೆಕೆಂಡಿನ ಆಚೆಗಿನ ಹಾಡು ಆ ಕಡತದಲ್ಲಿಲ್ಲ. ಫೋನು ಅದನ್ನು ದಾಖಲಿಸಲೇ ಇಲ್ಲ. ಆದ್ದರಿಂದ ಯಾವ ರಿಕವರಿ ತಂತ್ರಾಂಶದಿಂದಲೂ ಅದು ಬರುವುದಿಲ್ಲ. ಯಾರಾದರೂ ದುಡ್ಡು ತೆಗೆದುಕೊಂಡು ತಂದುಕೊಡುತ್ತೇವೆ ಎಂದರೆ ನಂಬಬೇಡಿ. ಹಾಗೆಂದು ಹುಡುಕಾಟ ಬಿಡುವಂತಿಲ್ಲ. ಅದೇ ಫೋನಿನಲ್ಲಿ ನೋಡಬೇಕಾದ ಬೇರೆ ಜಾಗಗಳಿವೆ, ಅವನ್ನು ಮುಂದೆ ಹೇಳುತ್ತೇನೆ.

ಅದಕ್ಕೂ ಮೊದಲು ಒಂದು ತುರ್ತಿನ ಮಾತು. ಕಾರ್ಡಿನಲ್ಲಿರುವುದೆಲ್ಲವನ್ನೂ ಇಂದೇ ಕಂಪ್ಯೂಟರಿಗೆ ನಕಲು ಮಾಡಿಕೊಳ್ಳಿ. ಫ್ಲ್ಯಾಶ್ ಮೆಮೊರಿಯಲ್ಲಿ ಮಾಹಿತಿ ನಿಂತಿರುವುದು ಸಣ್ಣ ಸಣ್ಣ ಕೋಶಗಳಲ್ಲಿ ಕೂಡಿಟ್ಟ ವಿದ್ಯುದಂಶದ ಮೇಲೆ. ವರ್ಷಗಳು ಕಳೆದಂತೆ ಅದು ಸೋರುತ್ತದೆ. ಇಪ್ಪತ್ತು ವರ್ಷ ಬೀರುವಿನಲ್ಲಿದ್ದ ಕಾರ್ಡು ಇಂದು ಓದಿಸಿಕೊಂಡಿತೆಂದರೆ ಮುಂದಿನ ವರ್ಷವೂ ಓದಿಸಿಕೊಳ್ಳುತ್ತದೆ ಎನ್ನಲಾಗದು.

ಈಗ ಹತ್ತು ಸೆಕೆಂಡಿನ ವಿಷಯ. ಜನ ಸಾಮಾನ್ಯವಾಗಿ, ಆಗಿನ ಫೋನುಗಳಲ್ಲಿ ಜಾಗ ಕಡಿಮೆ ಇತ್ತು, ಅದಕ್ಕೇ ವಿಡಿಯೊ ಚಿಕ್ಕದು ಎಂದುಕೊಳ್ಳುತ್ತಾರೆ. ನೋಕಿಯಾ 6600 ಘೋಷಣೆಯಾದದ್ದು 2003ರ ಜೂನಿನಲ್ಲಿ. ಒಳಗಿನ ಮೆಮೊರಿ ಸುಮಾರು 6 ಮೆಗಾಬೈಟ್ ಮಾತ್ರ, ಅದು ನಿಜ. ಆದರೆ ಪೆಟ್ಟಿಗೆಯಲ್ಲೇ 32 ಮೆಗಾಬೈಟಿನ ಕಾರ್ಡು ಕೊಡುತ್ತಿದ್ದರು. ಲೆಕ್ಕ ಹಾಕಿ ನೋಡಿ: ಒಂದೊಂದು ವಿಡಿಯೊ 95 ಕಿಲೋಬೈಟ್ ಎಂದು ಹಿಡಿದರೆ, ಖಾಲಿ ಕಾರ್ಡಿನಲ್ಲಿ ಅಂಥವು 340ಕ್ಕೂ ಹೆಚ್ಚು ಹಿಡಿಯುತ್ತವೆ. ಒಟ್ಟು ಮುಕ್ಕಾಲು ಗಂಟೆಯನ್ನು ಮೀರಿದ ವಿಡಿಯೊ! ನಿಮ್ಮ ಅಜ್ಜಿಯ ಇಡೀ ಹಾಡಿಗೆ, ಇಡೀ ಶಾಸ್ತ್ರಕ್ಕೇ ಅಲ್ಲಿ ಜಾಗವಿತ್ತು. ಪ್ರೊಸೆಸರಿನ ಶಕ್ತಿಯೂ ಅಡ್ಡಿಯಾಗಿರಲಿಲ್ಲ. 104 ಮೆಗಾಹರ್ಟ್ಸ್ ವೇಗದ ಅದೇ ಚಿಪ್ಪಿನ ಮೇಲೆ, ಬೇರೆಯವರು ಬರೆದ ವಿಡಿಯೊ ತಂತ್ರಾಂಶಗಳು ನಿಮಿಷಗಟ್ಟಲೆ ದಾಖಲಿಸುತ್ತಿದ್ದವು.

ಹಾಗಾದರೆ ಗಡಿ ಬಂದದ್ದು ಎಲ್ಲಿಂದ? ಎಂಎಂಎಸ್‌ನಿಂದ. ಚಿತ್ರವನ್ನೋ ವಿಡಿಯೊವನ್ನೋ ಸಂದೇಶವಾಗಿ ಕಳುಹಿಸುವ ಆ ಸೇವೆಗೆ ಆಗ ಸಾಮಾನ್ಯವಾಗಿ 100 ಕಿಲೋಬೈಟಿನ ಮಿತಿ ಇರುತ್ತಿತ್ತು. ಅದರಲ್ಲಿ ಸಂದೇಶದ ವಿಳಾಸಕ್ಕೂ ಹೊದಿಕೆಗೂ ಒಂದಿಷ್ಟು ಬಿಟ್ಟರೆ ಉಳಿಯುವುದು 95ರ ಆಸುಪಾಸು. ಫೋನಿನ ವಿಡಿಯೊ ರೆಕಾರ್ಡರ್ ಆ ಅಂಕಿಗೆ ಬಂದೊಡನೆ ನಿಲ್ಲುತ್ತಿತ್ತು. ನಿಮ್ಮ ಕಡತದ ಗಾತ್ರ 94 ಕಿಲೋಬೈಟ್ ಇರುವುದರ ಗುಟ್ಟು ಇದೇ. ಇದನ್ನು ರೂಪಿಸಿದವರ ಕಣ್ಣಿನಲ್ಲಿ ವಿಡಿಯೊ ಎಂದರೆ ಇನ್ನೊಬ್ಬರಿಗೆ ಕಳುಹಿಸುವ ವಸ್ತುವಾಗಿತ್ತು, ಮನೆಯಲ್ಲಿ ಜೋಪಾನವಾಗಿ ಇಟ್ಟುಕೊಳ್ಳುವ ವಸ್ತುವಾಗಿರಲಿಲ್ಲ. ಈ ಫೋನಿನ ಫೋಟೊ, ದನಿ, ಹಾಡು, ವಿಡಿಯೊ ಎಲ್ಲದರ ಇತಿಮಿತಿಯನ್ನೂ ನಾನು ಅರ್ಥ ಮಾಡಿಕೊಳ್ಳುವುದು ಈ ಒಂದು ಎಳೆಯಿಂದಲೇ. ನಮ್ಮಲ್ಲಿ ದುಡ್ಡು ಕೊಟ್ಟು ವಿಡಿಯೊ ಎಂಎಂಎಸ್ ಕಳುಹಿಸಿದವರು ಎಷ್ಟು ಮಂದಿ ಇದ್ದಾರು? ಬ್ಲೂಟೂತಿನಲ್ಲಿ ಪುಕ್ಕಟೆಯಾಗಿ ಹಂಚಿಕೊಂಡವರೇ ಹೆಚ್ಚು. ಬಳಸದ ಸೇವೆಯೊಂದರ ಅಳತೆಗೆ ತಕ್ಕಂತೆ ಲಕ್ಷಾಂತರ ಮನೆಗಳ ನೆನಪುಗಳು ಕತ್ತರಿಸಿಹೋದವು ಎಂಬುದು ನನಗೆ ಇಂದಿಗೂ ಬೇಸರದ ಸಂಗತಿ.

ಆ 95 ಕಿಲೋಬೈಟಿನೊಳಗೆ ನಡೆದಿರುವ ಕೆಲಸ ಮಾತ್ರ ಮೆಚ್ಚುವಂಥದ್ದು. 128×96 ಚುಕ್ಕಿಗಳ ಒಂದು ಚಿತ್ರವನ್ನು ಕುಗ್ಗಿಸದೆ ಹಾಗೇ ಇಟ್ಟರೆ 18 ಕಿಲೋಬೈಟ್ ಬೇಕು. ಸೆಕೆಂಡಿಗೆ ಹತ್ತೇ ಚಿತ್ರ ಎಂದುಕೊಂಡರೂ ಹತ್ತು ಸೆಕೆಂಡಿಗೆ 1,800 ಕಿಲೋಬೈಟ್ ಆಗುತ್ತದೆ. ದನಿಯ ಪಾಲು ಕಳೆದು ಚಿತ್ರಕ್ಕೆ ಸಿಗುವುದು ಸುಮಾರು 80. ಅಂದರೆ ಇಪ್ಪತ್ತು ಪಟ್ಟಿಗೂ ಮೀರಿ ಕುಗ್ಗಿಸಬೇಕು. ಅದಕ್ಕೆ ಬಳಸಿದ್ದು ಎಚ್.263 ಎಂಬ ವಿಧಾನ. ಅದು ಚಿತ್ರವನ್ನು 16×16 ಚುಕ್ಕಿಗಳ ಚೌಕಗಳಾಗಿ ಒಡೆಯುತ್ತದೆ. ನಿಮ್ಮ ವಿಡಿಯೊದಲ್ಲಿ ಅಡ್ಡಕ್ಕೆ 8, ಉದ್ದಕ್ಕೆ 6, ಒಟ್ಟು 48 ಚೌಕಗಳು. ಅಂಗಳದ ರಂಗೋಲಿಯಲ್ಲಿ ಅಳಿಸಿದ ಎಳೆಗಳನ್ನಷ್ಟೇ ಮತ್ತೆ ಎಳೆಯುವ ಹಾಗೆ, ಮೊದಲ ಚಿತ್ರವನ್ನು ಪೂರ್ತಿ ಬರೆದು, ಆಮೇಲಿನ ಚಿತ್ರಗಳಲ್ಲಿ ಬದಲಾದ ಚೌಕಗಳನ್ನು ಮಾತ್ರ ತಿದ್ದುತ್ತಾ ಹೋಗುತ್ತದೆ. ವಿಡಿಯೊವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ. ಹಿಂದಿನ ಗೋಡೆ ಬಹುಮಟ್ಟಿಗೆ ಕದಲದೆ ನಿಂತಿರುತ್ತದೆ. ಬೀಸುಕಲ್ಲಿನ ಗೂಟ ಹಿಡಿದು ಸುತ್ತುವ ಕೈಗಳ ಬಳಿ ಮಾತ್ರ ಚೌಕ ಚೌಕವಾಗಿ ಕಲಸಿಹೋಗಿರುತ್ತದೆ. ಇದ್ದಬದ್ದ ಬಿಟ್ಟುಗಳನ್ನೆಲ್ಲ ಆ ಕೈಗಳ ಚಲನೆಯೇ ನುಂಗುತ್ತದೆ. ಫೋನು ಹಿಡಿದ ನಿಮ್ಮ ಅಪ್ಪನ ಕೈ ಅಲುಗಿದ್ದರೆ ಇಡೀ ಚಿತ್ರವೇ ಬದಲಾಯಿತೆಂದು ಅದು ತಿಳಿಯುತ್ತದೆ, ಆಗ ಎಲ್ಲವೂ ಮಸುಕು.

ದನಿಯ ಕಥೆ ಇದಕ್ಕಿಂತ ಸ್ವಾರಸ್ಯದ್ದು. ನೀವು ಬರೆದ 'ಮಾತು ತಿಳಿಯುತ್ತದೆ, ಬೀಸುಕಲ್ಲು ಕುದಿದಂತೆ ಕೇಳುತ್ತದೆ' ಎಂಬ ಒಂದು ಸಾಲಿನಲ್ಲೇ ಅದೆಲ್ಲ ಇದೆ. ವಿಡಿಯೊದ ದನಿಗೆ ಬಳಸಿದ್ದು ಎಎಂಆರ್ ವಿಧಾನ. ಅದು ಹುಟ್ಟಿದ್ದು ಮೊಬೈಲ್ ಕರೆಗಳಿಗಾಗಿ. ಸೆಕೆಂಡಿಗೆ 8,000 ಸಲ ದನಿಯನ್ನು ಅಳೆಯುತ್ತದೆ, ಹಾಗಾಗಿ 4,000 ಹರ್ಟ್ಸ್‌ಗಿಂತ ಮೇಲಿನ ಸ್ವರಾಂಶ ಯಾವುದೂ ಉಳಿಯುವಂತಿಲ್ಲ. ಸಿ.ಡಿ.ಯಲ್ಲಿ ಈ ಅಳತೆ 44,100 ಸಲ. ಅದು ದನಿಯನ್ನು 20 ಮಿಲಿಸೆಕೆಂಡಿನ ತುಣುಕುಗಳಾಗಿ ಒಡೆಯುತ್ತದೆ. ಪ್ರತಿ ತುಣುಕಿಗೂ, ಇದು ಮನುಷ್ಯರ ಗಂಟಲಿನಿಂದ ಬಂದದ್ದು ಎಂದು ಭಾವಿಸಿಕೊಂಡು, ಆ ಗಂಟಲು ಮತ್ತು ಬಾಯಿ ಯಾವ ಆಕಾರದಲ್ಲಿದ್ದವು, ಉಸಿರು ಹೇಗೆ ಮಿಡಿಯಿತು ಎಂಬುದನ್ನಷ್ಟೇ ಬರೆದಿಡುತ್ತದೆ. ಅತಿ ಹೆಚ್ಚಿನ ಗುಣಮಟ್ಟದಲ್ಲೂ ಸೆಕೆಂಡಿಗೆ 12.2 ಕಿಲೋಬಿಟ್ ಸಾಕು. ಹತ್ತು ಸೆಕೆಂಡಿಗೆ 15 ಕಿಲೋಬೈಟ್.

ಮನುಷ್ಯರ ಮಾತಿಗೆ ಇಷ್ಟರಲ್ಲೇ ನ್ಯಾಯ ಸಿಗುತ್ತದೆ. ಅದಕ್ಕೇ ಅಜ್ಜಿಯ ದನಿ ಅಜ್ಜಿಯ ದನಿಯಾಗಿಯೇ ಉಳಿದಿದೆ. ಬೀಸುಕಲ್ಲು ಗಂಟಲಲ್ಲ. ಕಲ್ಲಿನ ಮೇಲೆ ಕಲ್ಲು ಉಜ್ಜುವ ಗೊರಗೊರ ಸದ್ದನ್ನೂ ಎಎಂಆರ್ ಗಂಟಲಿನ ಲೆಕ್ಕದಲ್ಲೇ ಬಿಡಿಸಲು ಹೋಗಿ ಸೋಲುತ್ತದೆ. ಆ ಸದ್ದಿನ ತಳದ ಗುಡುಗನ್ನು ಫೋನಿನ ಪುಟ್ಟ ಮೈಕ್ ಮೊದಲೇ ಕೈಬಿಟ್ಟಿರುತ್ತದೆ. ಉಳಿಯುವುದು ನೀವು ಕೇಳಿದ ಆ ಕುದಿತ. ಆಗಿನ ಫೋನುಗಳಲ್ಲಿ ದಾಖಲಾದ ಮದುವೆಯ ಓಲಗ, ಜಾತ್ರೆಯ ಡೊಳ್ಳು, ಮಂಗಳಾರತಿಯ ಜಾಗಟೆ ಎಲ್ಲದಕ್ಕೂ ಇದೇ ಗತಿಯಾಗಿದೆ. ಹಾಗಾಗಿ ಶಬ್ದ ಶುದ್ಧಿ ಮಾಡುವ ತಂತ್ರಾಂಶಗಳನ್ನು ಈ ಕಡತದ ಮೇಲೆ ಹರಿಯಬಿಡಬೇಡಿ. ಅವು ಕುದಿತವನ್ನು ತೆಗೆಯುವ ಭರದಲ್ಲಿ ಸಾಲಿನ ಕೊನೆಯಲ್ಲಿ ಇಳಿಯುವ ಉಸಿರನ್ನೂ ಒರೆಸಿಹಾಕುತ್ತವೆ. ಒಳ್ಳೆಯ ಹೆಡ್‌ಫೋನ್ ಹಾಕಿ ಕೇಳುವುದೇ ಸರಿಯಾದ ಮಾರ್ಗ.

ಮುಖವನ್ನು ಸ್ಪಷ್ಟ ಮಾಡುವ ಪ್ರಶ್ನೆಗೆ ನನ್ನ ಉತ್ತರ ಕಟುವೆನಿಸಬಹುದು: ಮಾಡಬೇಡಿ. ಇಡೀ ಚಿತ್ರದಲ್ಲಿ ಇರುವುದು 12,288 ಚುಕ್ಕಿಗಳು. ಈಗಿನ ಸಾಧಾರಣ ಫೋನಿನ ಫುಲ್ ಎಚ್‌ಡಿ ವಿಡಿಯೊದ ಒಂದೊಂದು ಚಿತ್ರದಲ್ಲೂ ಇದರ ಸುಮಾರು 169 ಪಟ್ಟು ಇರುತ್ತವೆ. ಕುಳಿತು ಬೀಸುತ್ತಿರುವ ವ್ಯಕ್ತಿಯ ಮುಖಕ್ಕೆ ಬಂದಿರುವುದು ಹೆಚ್ಚೆಂದರೆ ಅಡ್ಡಕ್ಕೆ ಇಪ್ಪತ್ತೋ ಮೂವತ್ತೋ ಚುಕ್ಕಿ, ಕಣ್ಣಿಗೆ ಮೂರೋ ನಾಲ್ಕೋ. ಕೃತಕ ಬುದ್ಧಿಮತ್ತೆಯ ತಂತ್ರಾಂಶ ಇಲ್ಲಿ ಅಡಗಿದ್ದ ಮುಖವನ್ನು ಹೊರತೆಗೆಯುವುದಿಲ್ಲ. ತಾನು ಕಲಿತ ಸಾವಿರಾರು ಬೇರೆ ಮುಖಗಳಿಂದ ಒಂದು ಕಣ್ಣು, ಒಂದು ಮೂಗನ್ನು ಕಲ್ಪಿಸಿ ಅಂಟಿಸುತ್ತದೆ. ಮೊದಲ ನೋಟಕ್ಕೆ ಹಿತವಾಗಿಯೇ ಕಾಣುತ್ತದೆ. ಅಜ್ಜಿಯನ್ನು ನೋಡದ ಮೊಮ್ಮಕ್ಕಳಿಗೆ ಮುಂದೆ ಅದೇ ಅಜ್ಜಿಯ ಮುಖವಾಗಿಬಿಡುತ್ತದೆ, ಆದರೆ ಅದು ಅವರ ಮುಖವಾಗಿರುವುದಿಲ್ಲ. ದೊಡ್ಡದಾಗಿ ನೋಡಬೇಕೆಂದರೆ ಹೊಸದೇನನ್ನೂ ಸೇರಿಸದೆ ಸರಿಯಾಗಿ ಐದು ಪಟ್ಟು ಹಿಗ್ಗಿಸಿ, 640×480 ಆಗುತ್ತದೆ. ತುಸು ದೂರ ಕುಳಿತು ನೋಡಿದರೆ ಚೌಕಗಳು ಕಣ್ಣಿಗೆ ಅಷ್ಟಾಗಿ ರಾಚುವುದಿಲ್ಲ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಇದನ್ನು ಮಾಡಬಹುದು. ಹಾಗೆ ಮಾಡಿದ ಎಂಪಿ4 ಪ್ರತಿಯನ್ನು ಮನೆಯವರಿಗೆ ಹಂಚಿ, ಮೂಲ 3ಜಿಪಿ (ಆಗಿನ ಫೋನುಗಳ ವಿಡಿಯೊ ರೂಪ) ಕಡತವನ್ನು ಮುಟ್ಟದೆ ಹಾಗೇ ಇಡಿ. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವಾಗ ವಿಡಿಯೊ ಎಂದು ಕಳುಹಿಸಿದರೆ ಅದು ಮತ್ತೆ ಕುಗ್ಗುತ್ತದೆ. ಡಾಕ್ಯುಮೆಂಟ್ ಎಂದು ಕಳುಹಿಸಿ.

ಅಜ್ಜಿಯ ಮುಖ ಬೇಕೆಂದರೆ ಫೋಟೊಗಳಲ್ಲಿ ಹುಡುಕಿ. ಈ ಫೋನಿನ ಫೋಟೊ 640×480, ಅಂದರೆ ವಿಡಿಯೊದ ಒಂದು ಚಿತ್ರಕ್ಕಿಂತ 25 ಪಟ್ಟು ಹೆಚ್ಚು ಚುಕ್ಕಿಗಳು. ಫ್ಲ್ಯಾಶ್ ಇಲ್ಲ, ಫೋಕಸ್ ಬದಲಿಸಲು ಬರುವುದಿಲ್ಲ. ಹೊರಗೆ ಬೆಳಕಿನಲ್ಲಿ, ಒಂದು ಮಾರು ದೂರದಿಂದ ತೆಗೆದ ಚಿತ್ರಗಳು ಚೆನ್ನಾಗಿಯೇ ಬಂದಿರುತ್ತವೆ. ನೈಟ್ ಮೋಡಿನಲ್ಲಿ ತೆಗೆದವು ಕೈ ಅಲುಗಿ ಕದಡಿರುತ್ತವೆ. ಕೆಲವು ತೀರಾ ಚಿಕ್ಕವು, 80×96ರಷ್ಟು, ಕಂಡರೆ ಅವು ಪೋರ್ಟ್ರೇಟ್ ಮೋಡಿನವು. ಕರೆ ಬಂದಾಗ ಪರದೆಯ ಮೇಲೆ ಮುಖ ಕಾಣಲಿ ಎಂದು ಫೋನ್ ಪುಸ್ತಕಕ್ಕಾಗಿಯೇ ತೆಗೆಯುತ್ತಿದ್ದಂಥವು. ಫೋನಿನಲ್ಲಿ ಚೆಂದ ಕಂಡ ಫೋಟೊ ಕಂಪ್ಯೂಟರಿನಲ್ಲಿ ಪೇಲವವಾಗಿ ಕಂಡರೆ ನಿರಾಶರಾಗಬೇಡಿ. 6600ರ ಪರದೆ 176×208 ಚುಕ್ಕಿಗಳದ್ದು. ಅಷ್ಟಕ್ಕೆ ಇಳಿಸಿ ತೋರಿಸುವಾಗ ದೋಷಗಳೆಲ್ಲ ಮುಚ್ಚಿಹೋಗುತ್ತಿದ್ದವು.

ಒಂದೇ ಕಿವಿಯ ಹಾಡಿಗೂ ಕಾರಣ ಆಗ ಹೇಳಿದ ಎಳೆಯೇ: ರೂಪಿಸಿದವರು ಈ ಫೋನನ್ನು ಯಾವುದಕ್ಕೆಂದು ಬಗೆದಿದ್ದರು ಎಂಬುದು. 6600ರಲ್ಲಿ ಈಗಿನಂಥ ಮ್ಯೂಸಿಕ್ ಪ್ಲೇಯರ್ ಇರಲೇ ಇಲ್ಲ, ಇದ್ದದ್ದು ರಿಯಲ್‌ಒನ್ ಪ್ಲೇಯರ್. ಎಂಪಿ3 ಹಾಡು ಬೇಕೆಂದರೆ ಬೇರೆ ತಂತ್ರಾಂಶ ಹಾಕಿಸಬೇಕಿತ್ತು. ಮೊಬೈಲ್ ಅಂಗಡಿಗಳಲ್ಲಿ ದುಡ್ಡು ಕೊಟ್ಟರೆ ಅದನ್ನೂ ಹಾಡುಗಳನ್ನೂ ಒಟ್ಟಿಗೇ ತುಂಬಿಸಿಕೊಡುತ್ತಿದ್ದರು. ಹೆಡ್‌ಸೆಟ್ ಇದ್ದದ್ದು ಕರೆಗಾಗಿ, ಒಂದು ಕಿವಿ, ಒಂದು ಮೈಕ್. ಹೊರಗೆ ಬರುವ ದನಿಯೂ ಮೋನೊ, ಅಂದರೆ ಎಡ, ಬಲ ಎಂದು ಬೇರೆಯಾಗದ ಒಂದೇ ದನಿ. ಸ್ಟೀರಿಯೊ ಕೊಡಲು ಆಗಿನ ತಂತ್ರಜ್ಞಾನಕ್ಕೆ ಆಗುತ್ತಿರಲಿಲ್ಲ ಎಂದಲ್ಲ. ಅದೇ 2003ರಲ್ಲಿ ಅದೇ ಕಂಪನಿ, ಅದೇ ಸೀರೀಸ್ 60 (ನೋಕಿಯಾದ ಆಗಿನ ಸ್ಮಾರ್ಟ್ ಫೋನ್ ತಂತ್ರಾಂಶ) ಬಳಗದ ಎನ್‌-ಗೇಜ್ ಎಂಬ ಆಟದ ಫೋನಿನಲ್ಲಿ ಸ್ಟೀರಿಯೊ ಎಂಪಿ3ಯನ್ನೂ ಎಫ್‌ಎಂ ರೇಡಿಯೊವನ್ನೂ ಕೊಟ್ಟಿತ್ತು. 6600 ಅನ್ನು ಕೆಲಸದ ಫೋನು ಎಂದು ಬಗೆದಿದ್ದರು, ಹಾಡು ಅದರ ಬಾಬ್ತು ಆಗಿರಲಿಲ್ಲ. ನಾಲ್ಕು ನಿಮಿಷದ ಎಂಪಿ3 ಹಾಡೊಂದು ಸಾಮಾನ್ಯ ಗುಣಮಟ್ಟದಲ್ಲಿ 3.8 ಮೆಗಾಬೈಟ್ ಆಗುತ್ತದೆ. 32 ಮೆಗಾಬೈಟಿನ ಕಾರ್ಡಿಗೆ ಎಂಟು ಹಾಡು. ಹೇಗೂ ಒಂದೇ ಕಿವಿ ಎಂದು ಅದನ್ನು ಮೋನೊ ಮಾಡಿ ಇನ್ನಷ್ಟು ಹಿಂಡಿ, ಇಪ್ಪತ್ತಕ್ಕೂ ಹೆಚ್ಚು ಹಾಡು ತುಂಬಿಸುತ್ತಿದ್ದರು. ನಿಮ್ಮ ಅಪ್ಪನ ಕಾರ್ಡಿನಲ್ಲಿ ಮಂಕಾಗಿ ಕೇಳುವ ಹಾಡುಗಳಿದ್ದರೆ ಅವು ಹಾಗೆ ಹಿಂಡಿದವು ಎಂದು ತಿಳಿಯಿರಿ.

ಇನ್ನು ನಕಲು ಮಾಡುವ ಕ್ರಮ. ಮೊದಲು ಬ್ಯಾಟರಿ. ಇದಕ್ಕೆ ಬೇಕಾದ ಬಿಎಲ್‌-5ಸಿ ಈಗಲೂ ಅಂಗಡಿಗಳಲ್ಲಿ ಸಿಗುತ್ತದೆ. ಬೀರುವಿನಲ್ಲಿದ್ದ ಹಳೆಯದನ್ನು ಚಾರ್ಜಿಗೆ ಹಾಕಬೇಡಿ, ಉಬ್ಬಿದ್ದರಂತೂ ಬಳಿಗೂ ಬರಲು ಬಿಡಬೇಡಿ. ಕೆಲವು ಬಿಎಲ್‌-5ಸಿ ಬ್ಯಾಟರಿಗಳು ಚಾರ್ಜಾಗುವಾಗ ವಿಪರೀತ ಬಿಸಿಯಾಗುತ್ತವೆಂದು 2007ರಲ್ಲಿ ಕಂಪನಿಯೇ 4.6 ಕೋಟಿ ಬ್ಯಾಟರಿಗಳ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಸಿಮ್ ಬದಲಿಸಿದಾಗ ಸೆಕ್ಯುರಿಟಿ ಕೋಡ್ ಕೇಳಬಹುದು. ಅಪ್ಪ ಬದಲಿಸಿರದಿದ್ದರೆ ಅದು 12345. ಕೋಡ್ ಮರೆತವರಿಗೆ *#7370# ಒತ್ತಿ ಎಂದು ಸಲಹೆ ಕೊಡುವವರಿದ್ದಾರೆ. ಖಂಡಿತ ಒತ್ತಬೇಡಿ, ಫೋನಿನ ಒಳ ಮೆಮೊರಿ ಪೂರ್ತಿ ಅಳಿಸಿಹೋಗುತ್ತದೆ.

ಕಾರ್ಡು ಬ್ಯಾಟರಿಯ ಕೆಳಗಿದೆ. ಫೋನ್ ಆಫ್ ಮಾಡಿಯೇ ತೆಗೆಯಿರಿ. ಅದು ಎಸ್‌ಡಿ ಕಾರ್ಡಲ್ಲ, ಅದಕ್ಕಿಂತ ತೆಳ್ಳಗಿನ ಎಂಎಂಸಿ ಕಾರ್ಡು. ಹಿಂಬದಿಯಲ್ಲಿ ಏಳು ಲೋಹದ ಪಟ್ಟಿಗಳಿರುತ್ತವೆ. ಬಹಳಷ್ಟು ಎಸ್‌ಡಿ ಕಾರ್ಡ್ ರೀಡರುಗಳು ಇದನ್ನೂ ಓದುತ್ತವೆ, ಎಲ್ಲವೂ ಅಲ್ಲ. ಒಂದು ಓದದಿದ್ದರೆ ಹಳೆಯ ರೀಡರ್ ಹುಡುಕಿ. ಕಂಪ್ಯೂಟರು 'ಫಾರ್ಮ್ಯಾಟ್ ಮಾಡಲೇ?' ಎಂದು ಕೇಳಿದರೆ ಬೇಡ ಎನ್ನಿ. ಆಗ ಕಾರ್ಡಿಗೆ ಪಾಸ್‌ವರ್ಡ್ ಇರುವ ಸಾಧ್ಯತೆಯನ್ನು ನೋಡಬೇಕು. ಈ ಫೋನಿನಲ್ಲಿ ಕಾರ್ಡಿಗೇ ಪಾಸ್‌ವರ್ಡ್ ಹಾಕುವ ಸೌಲಭ್ಯವಿದೆ. ಹಾಕಿದ ಫೋನಿಗೆ ಅದು ನೆನಪಿರುವುದರಿಂದ ಮತ್ತೆ ಕೇಳುವುದಿಲ್ಲ, ಬೇರೆಲ್ಲಿಯೂ ಕಾರ್ಡು ತೆರೆಯುವುದಿಲ್ಲ. ಹಾಗಿದ್ದರೆ ಬ್ಲೂಟೂತ್ ದಾರಿ ಹಿಡಿಯಬೇಕು. ಆಂಡ್ರಾಯ್ಡ್ ಫೋನಿಗೆ ಒಂದೊಂದಾಗಿ ಕಳುಹಿಸಿ, ಐಫೋನು ಹೀಗೆ ಬಂದ ಕಡತಗಳನ್ನು ತೆಗೆದುಕೊಳ್ಳುವುದಿಲ್ಲ. ಇದು ನಿಧಾನದ ಕೆಲಸ, ಆದರೆ ಅವಸರ ಪಟ್ಟು ಅರ್ಧಕ್ಕೆ ಬಿಡಬೇಡಿ. ಕಾರ್ಡ್ ರೀಡರ್ ಓದಿದರೆ ಬೇಕಾದ್ದನ್ನು ಆರಿಸುತ್ತಾ ಕೂರದೆ ಇಡೀ ಕಾರ್ಡನ್ನೇ ನಕಲು ಮಾಡಿ, ಕಡತಗಳ ದಿನಾಂಕ ಮತ್ತು ಸಮಯವನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಆ ಸಮಯವೇ ಈಗ ನಿಮಗೆ ದಾರಿ ತೋರಿಸಬೇಕು. ಹಾಡು ನಡೆಯುತ್ತಿರುವಾಗ ರೆಕಾರ್ಡರ್ ತಾನಾಗಿ ನಿಂತರೆ ಯಾರಾದರೂ ಏನು ಮಾಡುತ್ತಾರೆ? ಮತ್ತೆ ಒತ್ತುತ್ತಾರೆ. ಅಜ್ಜಿಯ ವಿಡಿಯೊದ ಹಿಂದುಮುಂದಿನ ಒಂದೆರಡು ನಿಮಿಷಗಳಲ್ಲಿ ದಾಖಲಾದ ಕಡತಗಳನ್ನೆಲ್ಲ ತೆರೆದು ನೋಡಿ. ಚಿತ್ರದಲ್ಲಿ ನೆಲವೋ ಗೋಡೆಯೋ ಕಂಡರೂ ಬಿಡದೆ ದನಿ ಕೇಳಿ. ಕಾರ್ಡಿನಲ್ಲಿ 95 ಕಿಲೋಬೈಟಿಗಿಂತ ಬಹಳ ದೊಡ್ಡ 3ಜಿಪಿ ಕಡತ ಇದೆಯೇ ಎಂದೂ ನೋಡಿ. ಅಪ್ಪ ಹೊರಗಿನ ವಿಡಿಯೊ ತಂತ್ರಾಂಶ ಹಾಕಿಸಿದ್ದರೆ ಅದರ ಕಡತಗಳು ಬೇರೆಯದೇ ಫೋಲ್ಡರಿನಲ್ಲಿರುತ್ತವೆ. ಫೋನಿನ ರೆಕಾರ್ಡರ್ ಎಂಬ ಪುಟ್ಟ ಸೌಲಭ್ಯವನ್ನು ಮರೆಯಬೇಡಿ, ಅದು ದನಿಯನ್ನಷ್ಟೇ ವಿಡಿಯೊಗಿಂತ ಹೆಚ್ಚು ಹೊತ್ತು ದಾಖಲಿಸುತ್ತಿತ್ತು. ಕಡೆಯದಾಗಿ ಸಂದೇಶಗಳ ಪೆಟ್ಟಿಗೆ: ಎಂಎಂಎಸ್ ಆಗಿ ಬಂದ, ಹೋದ ವಿಡಿಯೊಗಳು ಗ್ಯಾಲರಿಯಲ್ಲಿ ಕಾಣುವುದಿಲ್ಲ, ಆ ಸಂದೇಶದೊಳಗೇ ಉಳಿದಿರುತ್ತವೆ. ಬ್ಲೂಟೂತಿನಲ್ಲಿ ಬಂದವೂ ಮೊದಲು ಇಳಿಯುತ್ತಿದ್ದುದು ಇನ್‌ಬಾಕ್ಸಿಗೇ. ಮದುವೆಗೆ ಬಂದ ನೆಂಟರಲ್ಲಿ ಇನ್ನೊಬ್ಬರು ಚಿತ್ರೀಕರಿಸಿ ಅಪ್ಪನಿಗೆ ಕೊಟ್ಟಿದ್ದರೆ ಅದು ಅಲ್ಲೇ ಇದ್ದೀತು.

ಇನ್ನೊಂದೆರಡು ತುಣುಕು ಸಿಕ್ಕಿದವೆನ್ನಿ. ಅವನ್ನು ಒಂದಕ್ಕೊಂದು ಅಂಟಿಸಿ ಅಖಂಡ ಹಾಡಿನಂತೆ ಮಾಡಬೇಡಿ. ರೆಕಾರ್ಡರ್ ನಿಂತು ಮತ್ತೆ ಶುರುವಾಗುವಷ್ಟರಲ್ಲಿ ಒಂದು ಸಾಲೋ ಎರಡು ಸಾಲೋ ಹೋಗಿರುತ್ತದೆ. ನಡುವೆ ಒಂದೆರಡು ಸೆಕೆಂಡು ಖಾಲಿ ಬಿಟ್ಟರೆ ಇಲ್ಲಿ ಹಾಡು ಬಿಟ್ಟುಹೋಗಿದೆ ಎಂದು ಕೇಳುವವರಿಗೆ ಗೊತ್ತಾಗುತ್ತದೆ. ಬಿಟ್ಟುಹೋದ ಸಾಲುಗಳಿಗೆ ನಿಮ್ಮ ಅತ್ತೆಯನ್ನು ಕೇಳಿ, ಅಂದು ಅಜ್ಜಿಯ ಜೊತೆ ಕಲ್ಲಿನ ಬಳಿ ಕುಳಿತು ದನಿಗೂಡಿಸಿದವರನ್ನು ಕೇಳಿ. ಅವರಲ್ಲಿ ಯಾರಿಗಾದರೂ ಆ ಪದ ಬಾಯಿಗೆ ಬಂದೀತು. ಅವರು ಹಾಡಿದ್ದನ್ನು ನಿಮ್ಮ ಈಗಿನ ಫೋನಿನಲ್ಲಿ ಪೂರ್ತಿಯಾಗಿ ದಾಖಲಿಸಿ, ಹಾಡಿದವರ ಹೆಸರು ಮತ್ತು ದಿನಾಂಕದೊಂದಿಗೆ ಬೇರೆ ಕಡತವಾಗಿ ಅದೇ ಫೋಲ್ಡರಿನಲ್ಲಿಡಿ.